ಮೇಲಿನ ವರ್ಗದ ನೀಲಿ ಬಾವುಟ

ಪಣಕಹಳ್ಳಿಯ ರೈತರೊಬ್ಬರು ಈ ಅಂಕಣಕ್ಕೆ ಬರೆದ ಪತ್ರ ಎರಡು ವಾರಗಳಿಂದ ನನ್ನ ಮೇಜಿನ ಮೇಲಿದೆ. ಇಲ್ಲಿಗೆ ಬರುವ ಪತ್ರಗಳ ವಿಷಯ ಬಹುಮಟ್ಟಿಗೆ ಗೊತ್ತಿರುವಂಥದು: ಕನ್ನಡ ಪಠ್ಯಪುಸ್ತಕ ತಡವಾದುದು, ಹತ್ತನೆಯ ತರಗತಿಯ ನಂತರ ಯಾವ ಕೋರ್ಸು, ಚಾಮರಾಜನಗರವೋ ಸತ್ಯಮಂಗಲವೋ. ಇದು ಬೈಕ್ ಓಟದ ಪತ್ರ. ಅವರ ಹಿರಿಯ ಮಗ ನಮ್ಮ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ಈಗ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದಾನೆ, ವಯಸ್ಸು ಇಪ್ಪತ್ತು. ಎರಡು ವರ್ಷಗಳಿಂದ ಮೈಸೂರಿನ ಕಡೆ ನಡೆಯುವ ಮಣ್ಣುಹಾದಿಯ ಓಟಗಳಲ್ಲಿ ಲೋಕಲ್ ವರ್ಗದಲ್ಲಿ ಗೆಲ್ಲುತ್ತಿದ್ದಾನೆ. ಈಗ ಮೇಲಿನ ವರ್ಗಕ್ಕೆ ಹೆಸರು ಕೊಡುವೆನೆಂದು ಹಟ ಹಿಡಿದಿದ್ದಾನೆ. ಗೆಳೆಯರು, 'ಇನ್ನೊಂದು ವರ್ಷ ಇಲ್ಲೇ ಇದ್ದು ಕಪ್ಪು, ಹಣ ಎರಡನ್ನೂ ತೆಗೆದುಕೋ' ಎನ್ನುತ್ತಾರಂತೆ. ತಾಯಿಗೆ ಎರಡೂ ಬೇಡವಾಗಿದೆ. 'ಗೆಲ್ಲುವ ಕಡೆ ಇರಬೇಕೋ, ಸೋಲುವ ಕಡೆ ಹೋಗಬೇಕೋ, ತಾವೇ ಹೇಳಿ' ಎಂದು ತಂದೆ ಕೇಳಿದ್ದಾರೆ. ಎಂಟನೆಯ ತರಗತಿಯಲ್ಲಿರುವ ಕಿರಿಯ ಮಗನ ಕುರಿತೂ ಒಂದು ಸಾಲು ಸೇರಿಸಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಕ್ರೀಡೆಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಡಾಂಬರಿಲ್ಲದ, ಏರು, ತಗ್ಗು, ದಿಬ್ಬ, ಕಡಿದಾದ ತಿರುವುಗಳನ್ನು ಮಣ್ಣಿನಿಂದಲೇ ಕಟ್ಟಿದ ಮುಚ್ಚಿದ ಟ್ರ್ಯಾಕಿನಲ್ಲಿ ನಡೆಯುವ ಓಟಕ್ಕೆ ಮೋಟೋಕ್ರಾಸ್ ಎನ್ನುತ್ತಾರೆ. ಅದನ್ನೇ ಚಿಕ್ಕ ಜಾಗದಲ್ಲಿ, ಹೆಚ್ಚು ಜಂಪುಗಳೊಡನೆ ನಡೆಸಿದರೆ ಸೂಪರ್‌ಕ್ರಾಸ್. ಕಾಡು, ಮರಳು, ಬಯಲುಗಳನ್ನು ದಾಟಿ ದಿನಗಟ್ಟಲೆ ಸಾಗುವುದು ರ‍್ಯಾಲಿ. ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಕೊಡಗು, ಘಟ್ಟದ ಕೆಳಗಿನ ಕೊಯಮತ್ತೂರು, ಇವೆಲ್ಲ ಈ ಓಟಗಳಿಗೆ ಹೆಸರಾದ ಊರುಗಳು. ಸ್ಪರ್ಧಿಗಳೆಲ್ಲರನ್ನೂ ಒಟ್ಟಿಗೆ ಓಡಿಸುವುದಿಲ್ಲ. ಆಸುಪಾಸಿನವರಿಗೆಂದೇ ಇರುವ ಲೋಕಲ್ ವರ್ಗ, ಹೊಸಬರ ನಾವಿಸ್ ವರ್ಗ, ಭಾರತೀಯ ಬೈಕುಗಳಲ್ಲಿ ಪಳಗಿದವರ ಎಕ್ಸ್‌ಪರ್ಟ್ ವರ್ಗ, ಅದರ ಮೇಲೆ ವಿದೇಶಿ ಬೈಕುಗಳ ವರ್ಗ. ಅಮೆರಿಕದ ಹವ್ಯಾಸಿಗಳು ಇದನ್ನೇ ಸಿ, ಬಿ, ಎ ಎಂದು ಕರೆಯುತ್ತಾರೆ. ಸಿ ಎಂದರೆ ಹೊಸಬ.

ಗೆಳೆಯರ ಸಲಹೆಯನ್ನು ಮೊದಲು ನೋಡೋಣ. ಕೆಳಗಿನ ವರ್ಗದಲ್ಲೇ ಉಳಿದು ಕಪ್ಪುಗಳನ್ನು ಕೂಡಿಹಾಕುವುದು ಈ ಕ್ರೀಡೆಯಲ್ಲಿ ಹಳೆಯ ಚಾಳಿ. ಎಲ್ಲ ದೇಶಗಳಲ್ಲೂ ಇದೆ. ಅದನ್ನು ತಡೆಯಲು ನಿಯಮಗಳನ್ನೂ ಮಾಡಿದ್ದಾರೆ. ವಿಶ್ವ ಮೋಟೋಕ್ರಾಸ್ ಚಾಂಪಿಯನ್‌ಷಿಪ್ಪಿನಲ್ಲಿ 250 ಸಿಸಿ ಬೈಕುಗಳ ಎಂಎಕ್ಸ್‌2 ವರ್ಗಕ್ಕೆ 23 ವರ್ಷದ ವಯೋಮಿತಿ ಇದೆ. ಅದು ದಾಟಿದವನು ಎಷ್ಟೇ ಗೆದ್ದಿರಲಿ, 450 ಸಿಸಿಯ ಎಂಎಕ್ಸ್‌ಜಿಪಿ ವರ್ಗಕ್ಕೆ ಹೋಗಲೇಬೇಕು. ಊರಿನ ಓಟದಲ್ಲಿ ಇಂಥ ನಿಯಮವಿದ್ದರೂ ಆಚರಣೆ ಸಡಿಲ. ಆದ್ದರಿಂದ ತೀರ್ಮಾನ ಮನೆಯವರ ಮೇಲೆ ಬೀಳುತ್ತದೆ. ಎರಡು ವರ್ಷ ಗೆದ್ದವನು ಮೂರನೆಯ ವರ್ಷವೂ ಅಲ್ಲೇ ನಿಂತರೆ, ಮೊದಲ ಬಾರಿಗೆ ಹೆಲ್ಮೆಟ್ ಸಾಲ ಪಡೆದು ಬಂದ ಹುಡುಗನ ಎದುರು ಅವನು ಕಪ್ಪು ಎತ್ತುತ್ತಾನೆ. ಇದು ನನಗೆ ಒಪ್ಪಿಗೆಯಾಗದ ಮಾತು. ಅದಕ್ಕಿಂತ ಮುಖ್ಯವಾದುದು, ಸುಲಭವಾಗಿ ಗೆಲ್ಲುವವನು ತನ್ನ ದೋಷಗಳನ್ನು ಕಾಣಲಾರ. ಮುಂದೆ ಯಾರೂ ಇಲ್ಲದಿದ್ದರೆ ತಿರುವಿನಲ್ಲಿ ತಡವಾಗಿ ಬ್ರೇಕ್ ಹಿಡಿದರೂ ನಡೆಯುತ್ತದೆ, ಬೇಗ ಹಿಡಿದರೂ ನಡೆಯುತ್ತದೆ.

ಹಾಗಾದರೆ ಮೇಲಿನ ವರ್ಗದಲ್ಲಿ ಇರುವ ವ್ಯತ್ಯಾಸವೇನು? ಬಹಳ ಪೋಷಕರು 'ಅಲ್ಲಿ ಇನ್ನೂ ಜೋರಾಗಿ ಓಡಿಸುತ್ತಾರೆ' ಎಂದು ತಿಳಿದಿದ್ದಾರೆ. ಆ ತಿಳಿವಳಿಕೆ ಅರ್ಧ ಸರಿ. ಒಂದು ಲೆಕ್ಕ ನೋಡಿ. ಹತ್ತು ಸುತ್ತುಗಳ ಓಟ ಎಂದಿಟ್ಟುಕೊಳ್ಳೋಣ. ನಮ್ಮ ಹುಡುಗ ತನ್ನ ಅತ್ಯುತ್ತಮ ಸುತ್ತನ್ನು 1 ನಿಮಿಷ 50 ಸೆಕೆಂಡಿನಲ್ಲಿ ಮುಗಿಸುತ್ತಾನೆ. ಎಕ್ಸ್‌ಪರ್ಟ್ ಸವಾರ 1 ನಿಮಿಷ 48 ಸೆಕೆಂಡಿನಲ್ಲಿ. ಕೇವಲ ಎರಡು ಸೆಕೆಂಡಿನ ಅಂತರ. ಹುಡುಗನ ಎದೆ ಉಬ್ಬುತ್ತದೆ. ಆದರೆ ಎಕ್ಸ್‌ಪರ್ಟ್ ಸವಾರ ಹತ್ತೂ ಸುತ್ತುಗಳನ್ನು ಹೆಚ್ಚುಕಡಿಮೆ 1:48ರಲ್ಲೇ ಓಡಿಸುತ್ತಾನೆ. ನಮ್ಮವನ ಸುತ್ತು ಮಾತ್ರ 1:50, 1:52, 1:55 ಎಂದು ಬೆಳೆಯುತ್ತಾ ಕೊನೆಗೆ 2:05ಕ್ಕೆ ಬಂದು ನಿಲ್ಲುತ್ತದೆ. ಕೂಡಿ ನೋಡಿದರೆ ಒಟ್ಟು ಅಂತರ ಒಂದೂವರೆ ನಿಮಿಷದ ಹತ್ತಿರ. ಇನ್ನು ಸ್ವಲ್ಪದರಲ್ಲೇ ಇಡೀ ಒಂದು ಸುತ್ತು ಹಿಂದೆ. ಅವನನ್ನು ಸೋಲಿಸಿದ್ದು ಮೊದಲ ಸುತ್ತಿನ ವೇಗವಲ್ಲ, ಕೊನೆಯ ಮೂರು ಸುತ್ತುಗಳ ದಣಿವು.

ದಣಿವು ಎಲ್ಲಿಂದ ಬರುತ್ತದೆ ಎಂಬುದನ್ನು ಸವಾರಿ ಮಾಡದವರು ಊಹಿಸಲಾರರು. ಬೈಕ್ ತಾನೇ ಓಡುತ್ತದೆ, ಕೂತವನಿಗೇನು ಕಷ್ಟ ಎಂದು ಅಜ್ಜಂದಿರು ಕೇಳುವುದುಂಟು. ಅಜ್ಜಂದಿರೇ, ಈ ಓಟದಲ್ಲಿ ಕೂರುವುದೇ ಅಪರೂಪ. ಹೆಚ್ಚಿನ ಹೊತ್ತು ಸವಾರ ಫುಟ್‌ರೆಸ್ಟಿನ ಮೇಲೆ ನಿಂತಿರುತ್ತಾನೆ; ಮಂಡಿ, ಸೊಂಟ, ಮೊಣಕೈಗಳೇ ಅವನ ಎರಡನೆಯ ಸಸ್ಪೆನ್ಷನ್. ಪ್ರತಿ ದಿಬ್ಬ ಇಳಿದಾಗಲೂ ಮೈಭಾರ ಕಾಲಿನ ಮೇಲೆ ಬೀಳುತ್ತದೆ. ಹೃದಯದ ಬಡಿತ ಓಟದುದ್ದಕ್ಕೂ ಗರಿಷ್ಠ ಮಿತಿಯ ಹತ್ತಿರವೇ ಇರುತ್ತದೆ. ಹೊಸಬರು ಹೆದರಿಕೆಗೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾರೆ. ಐದಾರು ನಿಮಿಷಗಳಲ್ಲಿ ಮುಂಗೈ ಕಲ್ಲಿನಂತೆ ಗಟ್ಟಿಯಾಗಿ, ಬೆರಳುಗಳು ಕ್ಲಚ್ಚನ್ನೂ ಬ್ರೇಕನ್ನೂ ಎಳೆಯದಂತಾಗುತ್ತವೆ. ಬೀಳುವುದು ಆಗಲೇ. ಲೋಕಲ್ ವರ್ಗದ ಓಟ ಚಿಕ್ಕದಾದ್ದರಿಂದ ಅಲ್ಲಿ ಈ ಕೊರತೆ ಬಯಲಿಗೆ ಬರುವ ಮುನ್ನವೇ ಗಳಿಬಾವುಟ ಬಿದ್ದಿರುತ್ತದೆ. ವಿಶ್ವ ಚಾಂಪಿಯನ್‌ಷಿಪ್ಪಿನ ಒಂದೊಂದು ಓಟ 30 ನಿಮಿಷ ಮತ್ತು ಎರಡು ಸುತ್ತು. ಒಂದೇ ದಿನ ಅಂಥವು ಎರಡು.

ಟ್ರ್ಯಾಕೂ ಬದಲಾಗುತ್ತದೆ. ಬೆಳಿಗ್ಗೆ ನೀರು ಹಾಕಿ ಹದಗೊಳಿಸಿದ ಮಣ್ಣು ನಡುಹಗಲಿಗೆ ಗೋಧಿಹಿಟ್ಟಿನಂತೆ ಪುಡಿಯಾಗಿರುತ್ತದೆ. ತಿರುವುಗಳಲ್ಲಿ ಚಕ್ರದ ಜಾಡುಗಳು ನೇಗಿಲ ಸಾಲಿನಷ್ಟು ಆಳವಾಗುತ್ತವೆ. ಪಣಕಹಳ್ಳಿಯ ಹುಡುಗನಿಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ಕೋಸಿನ ಮೂಟೆ ಹೇರಿಕೊಂಡು ಹೊಲದಿಂದ ರಸ್ತೆಗೆ ಮೊಪೆಡ್ ತಂದವನಿಗೆ ಜಾರುವ ಹಿಂಚಕ್ರದ ಅಂತರಂಗ ಗೊತ್ತು. ಈ ಒಂದು ವಿಷಯದಲ್ಲಿ ಬೆಂಗಳೂರಿನ ಹುಡುಗರು ಹಣ ಕೊಟ್ಟು ಕಲಿಯುವುದನ್ನು ನಮ್ಮವರು ಪುಕ್ಕಟೆಯಾಗಿ ಕಲಿತಿದ್ದಾರೆ.

ಇನ್ನು ಬಾವುಟಗಳು. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಓಟದ ಮುಂಚಿನ ಸಭೆಯ ಮಾತು ಮೈಸೂರಿನಲ್ಲಿ ಕನ್ನಡವಾದರೆ ಕೊಯಮತ್ತೂರಿನಲ್ಲಿ ತಮಿಳು. ಬಾವುಟಕ್ಕೆ ಮಾತ್ರ ಭಾಷೆಯಿಲ್ಲ. ಹಳದಿ ಬೀಸಿದರೆ ಮುಂದೆ ಯಾರೋ ಬಿದ್ದಿದ್ದಾರೆ, ವೇಗ ತಗ್ಗಿಸಬೇಕು, ಹಿಂದಿಕ್ಕಬಾರದು, ಜಂಪ್ ಹಾರಬಾರದು. ಕೆಂಪು ಎಂದರೆ ಓಟ ನಿಂತಿತು. ನೀಲಿ ಎಂದರೆ, ಮುಂದಿನವರು ಒಂದು ಸುತ್ತು ಮುಗಿಸಿ ನಿನ್ನ ಬೆನ್ನ ಹಿಂದೆ ಬಂದಿದ್ದಾರೆ, ನಿನ್ನ ಸಾಲಿನಲ್ಲೇ ನೇರವಾಗಿ ಹೋಗು, ಅವರಿಗೆ ಅಡ್ಡ ಬರಬೇಡ. ಎರಡು ವರ್ಷಗಳಿಂದ ಈ ಹುಡುಗ ನೀಲಿ ಬಾವುಟವನ್ನು ಇತರರಿಗೆ ಬೀಸುವುದನ್ನೇ ಕಂಡಿದ್ದಾನೆ. ಮೇಲಿನ ವರ್ಗದ ಮೊದಲ ದಿನ ಅದು ಅವನಿಗೇ ಬೀಸಬಹುದು. ಆಗ ಅವನು ಏನು ಮಾಡುತ್ತಾನೆ? ಅವಮಾನವೆಂದು ಭಾವಿಸಿ ಬಾಗಿಲು ಮುಚ್ಚುವಂತೆ ಅಡ್ಡ ಬಂದರೆ ಎರಡು ಬೈಕುಗಳು ಬೀಳುತ್ತವೆ. ದಾರಿ ಬಿಟ್ಟು, ಹಿಂದಿಕ್ಕಿದವನು ಮುಂದಿನ ತಿರುವಿನಲ್ಲಿ ಯಾವ ಸಾಲು ಹಿಡಿದ ಎಂದು ಕಣ್ಣಿಟ್ಟು ನೋಡಿದರೆ ಅವನಿಗೆ ಅಲ್ಲೊಂದು ಪಾಠ ಸಿಗುತ್ತದೆ. ಮಗ ಮೇಲಿನ ವರ್ಗಕ್ಕೆ ಸಿದ್ಧನೋ ಅಲ್ಲವೋ ಎಂಬುದನ್ನು ನಾನು ಅವನ ಕಪ್ಪುಗಳಿಂದ ಅಳೆಯುವುದಿಲ್ಲ. ಈ ಒಂದು ಪ್ರಶ್ನೆಯಿಂದ ಅಳೆಯುತ್ತೇನೆ.

ನಮ್ಮ ಮನೆಗಳಿಗೆ ಈ ಅನುಭವ ಅಪರಿಚಿತವಲ್ಲ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಶಾಲೆಗೇ ಮೊದಲಿಗನಾದ ಹುಡುಗ ಪಾಲಿಟೆಕ್ನಿಕ್ಕಿಗೆ ಹೋಗಿ, ಇಂಗ್ಲಿಷ್ ಪುಸ್ತಕ ಮತ್ತು ತಮಿಳು ವಿವರಣೆಯ ನಡುವೆ ಮೊದಲ ಆರು ತಿಂಗಳು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುವುದನ್ನು ತಾಳವಾಡಿಯ ಎಷ್ಟು ತಾಯಂದಿರು ಕಂಡಿಲ್ಲ? ಈ ಪತ್ರ ಬರೆದವರ ಮಗನೂ ಆ ಆರು ತಿಂಗಳನ್ನು ದಾಟಿಯೇ ಡಿಪ್ಲೊಮಾ ಪಡೆದಿರಬೇಕು.

ದೊಡ್ಡವರ ಕಥೆಗಳು ಏನು ಹೇಳುತ್ತವೆ ನೋಡೋಣ. ಉಡುಪಿ ಮೂಲದ ಕೆ.ಪಿ. ಅರವಿಂದ್ ಅವರನ್ನು ನಮ್ಮ ಮಕ್ಕಳು 2021ರ ಬಿಗ್‌ಬಾಸ್ ಕಾರ್ಯಕ್ರಮದಿಂದ ಬಲ್ಲರು. ಅದಕ್ಕೂ ಮುನ್ನ ಅವರು ಮೋಟೋಕ್ರಾಸ್ ಮತ್ತು ಸೂಪರ್‌ಕ್ರಾಸ್‌ಗಳಲ್ಲಿ ಮತ್ತೆ ಮತ್ತೆ ರಾಷ್ಟ್ರೀಯ ಚಾಂಪಿಯನ್ ಆದವರು. ಹೊಸೂರಿನ ಟಿವಿಎಸ್ ಸಂಸ್ಥೆಯ ತಂಡದಿಂದ 2017ರಲ್ಲಿ ಡಕಾರ್ ರ‍್ಯಾಲಿಗೆ ಹೋದರು. ಗಾಯಗೊಂಡು ಹೊರಬಿದ್ದರು. 2018ರಲ್ಲಿ ಮತ್ತೆ ಹೋದರು, ಮತ್ತೆ ಮುಗಿಸಲಾಗಲಿಲ್ಲ. 2019ರಲ್ಲಿ ಮುಗಿಸಿದರು, 37ನೆಯ ಸ್ಥಾನದಲ್ಲಿ. ದೇಶದಲ್ಲಿ ಮೊದಲಿಗರಾಗಿದ್ದವರು 37ನೆಯವರಾಗಲು ಮೂರು ವರ್ಷ ತೆಗೆದುಕೊಂಡರು. ಆ 37ಕ್ಕೆ ಅವರ ಎಷ್ಟೋ ರಾಷ್ಟ್ರೀಯ ಕಪ್ಪುಗಳಿಗಿಂತ ಹೆಚ್ಚು ಬೆಲೆಯಿದೆ ಎಂದು ನಾನು ಭಾವಿಸುತ್ತೇನೆ.

ಅವರಿಗಿಂತ ಮುಂಚೆ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರ ಜನವರಿಯಲ್ಲಿ ಅರ್ಜೆಂಟೀನಾ, ಬೊಲಿವಿಯಾ, ಚಿಲಿಗಳ ಸುಮಾರು 9,000 ಕಿಲೋಮೀಟರ್ ಹಾದಿಯನ್ನು ಕ್ರಮಿಸಿ 36ನೆಯ ಸ್ಥಾನದಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯರೆನಿಸಿದ್ದರು. ಅವರೂ ದೇಶದ ಸೂಪರ್‌ಕ್ರಾಸ್‌ನಲ್ಲಿ ಗೆದ್ದು ಗೆದ್ದು, ಅದನ್ನು ಬಿಟ್ಟು ಮರಳುಗಾಡಿಗೆ ಹೋದವರು. ಮುಂದಿನ ವರ್ಷ ಮುಗಿಸಲಾಗಲಿಲ್ಲ. 2017ರಲ್ಲಿ 47, 2018ರಲ್ಲಿ 34. ಏಣಿಯಂತೆ ನೇರವಾಗಿ ಏರುವ ಅಂಕಿಗಳಲ್ಲ ಇವು. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾಗಿ, ವೈದ್ಯರು ಔಷಧಿಯಿಂದ ಪ್ರಜ್ಞೆ ತಪ್ಪಿಸಿಟ್ಟು ಚಿಕಿತ್ಸೆ ನೀಡಬೇಕಾಯಿತು. ಅವರು ಚೇತರಿಸಿಕೊಂಡರು. ಕೋಲಾರದ ಬಳಿ ಅವರು ಕಟ್ಟಿದ ಬಿಗ್‌ರಾಕ್ ಎಂಬ ಮಣ್ಣುಹಾದಿಯ ತರಬೇತಿ ತಾಣವಿದೆ.

ಹೆಣ್ಣುಮಕ್ಕಳ ಪೋಷಕರು ಐಶ್ವರ್ಯಾ ಪಿಸ್ಸೆ ಅವರ ಅಂಕಗಳನ್ನು ಗಮನಿಸಬೇಕು. ಬೆಂಗಳೂರಿನ ಈಕೆ 2018ರಲ್ಲಿ ಸ್ಪೇನಿನ ಬಾಹಾ ಅರಗಾನ್ ಓಟದಲ್ಲಿ ಬಿದ್ದು ಮೇದೋಜ್ಜೀರಕ ಗ್ರಂಥಿಗೆ ಗಾಯ ಮಾಡಿಕೊಂಡರು. ಮರುವರ್ಷ ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಗೆದ್ದ ಬಗೆ ನೋಡಿ: ದುಬೈಯಲ್ಲಿ ಮೊದಲನೆಯವರು, ಪೋರ್ಚುಗಲ್ಲಿನಲ್ಲಿ ಮೂರನೆಯವರು, ಸ್ಪೇನಿನಲ್ಲಿ ಐದನೆಯವರು, ಹಂಗೇರಿಯಲ್ಲಿ ನಾಲ್ಕನೆಯವರು. ಒಟ್ಟು 65 ಅಂಕ. ಎರಡನೆಯವರಿಗಿಂತ ನಾಲ್ಕೇ ಹೆಚ್ಚು. ನಾಲ್ಕು ಸುತ್ತುಗಳಲ್ಲಿ ಒಂದನ್ನಷ್ಟೇ ಗೆದ್ದು, ಎಲ್ಲವನ್ನೂ ಮುಗಿಸಿ ವಿಶ್ವಕಪ್ ತಂದರು.

ಹೊರನಾಡಿನ ಒಂದು ಉದಾಹರಣೆ ಸಾಕು. ನೆದರ್ಲೆಂಡ್ಸ್‌ನ ಜೆಫ್ರಿ ಹರ್ಲಿಂಗ್ಸ್ 250 ಸಿಸಿಯಲ್ಲಿ ಮೂರು ಬಾರಿ ವಿಶ್ವ ಚಾಂಪಿಯನ್ ಆಗಿ 2017ರಲ್ಲಿ 450 ಸಿಸಿಗೆ ಏರಿದಾಗ, ಕೈಯ ಮೂಳೆ ಮುರಿದುಕೊಂಡು, ಮೊದಲ ಸುತ್ತುಗಳಲ್ಲಿ ಬಹಳ ಹಿಂದೆ ಬಿದ್ದ. ವರ್ಷದ ಕೊನೆಗೆ ಎರಡನೆಯವನಾದ, 2018ರಲ್ಲಿ ಚಾಂಪಿಯನ್.

ಹಣದ ಮಾತು. ಮೇಲಿನ ವರ್ಗ ಎಂದ ಕೂಡಲೇ ಮೇಲಿನ ಬೈಕ್ ಎಂದು ಮಕ್ಕಳು ತಿಳಿಯುತ್ತಾರೆ. ಹೀರೋ ಎಕ್ಸ್‌ಪಲ್ಸ್ 200ರ ಶಕ್ತಿ ಸುಮಾರು 18 ಅಶ್ವಶಕ್ತಿ, ತೂಕ 150 ಕಿಲೋ ಮೀರುತ್ತದೆ, ಮುಂದಿನ ಶಾಕ್ ಅಬ್ಸಾರ್ಬರ್ 190 ಮಿಲಿಮೀಟರ್ ಕುಗ್ಗುತ್ತದೆ. ಓಟಕ್ಕೆಂದೇ ತಯಾರಾದ 250 ಸಿಸಿ ವಿದೇಶಿ ಬೈಕಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚು ಶಕ್ತಿ, ತೂಕ ನೂರು ಕಿಲೋವಿನ ಆಸುಪಾಸು, ಶಾಕ್ ಅಬ್ಸಾರ್ಬರ್ 300 ಮಿಲಿಮೀಟರ್. ಬೆಲೆ ಸುಮಾರು 8 ಲಕ್ಷ ರೂಪಾಯಿ, ಅದೂ ರಸ್ತೆಯಲ್ಲಿ ಓಡಿಸಲಾಗದ ಬೈಕಿಗೆ. ಅರಿಸಿನ ಮಾರಿದ ಹಣ ಅಲ್ಲಿಗೆ ಹೋಗಬೇಕಾಗಿಲ್ಲ. ಭಾರತೀಯ ಬೈಕುಗಳ ವರ್ಗ ಇರುವುದೇ ಇದಕ್ಕಾಗಿ. ಈಗಿನ ಬೈಕನ್ನೇ ಉಳಿಸಿಕೊಂಡು, ಹಣವನ್ನು ಮೊದಲು ಮೈಗೆ ಹಾಕಿ: ಒಳ್ಳೆಯ ಹೆಲ್ಮೆಟ್, ಕತ್ತಿನ ಪಟ್ಟಿ, ಎದೆ ಮತ್ತು ಬೆನ್ನಿನ ಕವಚ, ಕೀಲುಳ್ಳ ಮಂಡಿಕಟ್ಟು, ಮೊಣಕಾಲಿನವರೆಗಿನ ಬೂಟು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಬಿರುಕಿಲ್ಲದಿದ್ದರೂ ಮತ್ತೆ ಉಪಯೋಗಕ್ಕೆ ಬಾರದು. ಎರಡನೆಯ ಕೈಯ ಹೆಲ್ಮೆಟ್ಟನ್ನು ಎಷ್ಟು ಕಡಿಮೆಗೆ ಕೊಟ್ಟರೂ ಕೊಳ್ಳಬಾರದು. ಬಳಿಕ ಟೈರು, ಚೈನು, ಏರ್ ಫಿಲ್ಟರ್. ಹುಡುಗ ಗ್ಯಾರೇಜಿನಲ್ಲಿರುವುದರಿಂದ ಉಳಿದದ್ದನ್ನು ಅವನೇ ನೋಡಿಕೊಳ್ಳುತ್ತಾನೆ.

ಯಾವ ಓಟಕ್ಕೆ ಹೆಸರು ಕೊಡುತ್ತಾನೆ ಎಂಬುದು ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ. ದೇಶದಲ್ಲಿ ಈ ಕ್ರೀಡೆಯನ್ನು ನಿಯಂತ್ರಿಸುವ ಎಫ್‌ಎಂಎಸ್‌ಸಿಐ ಸಂಸ್ಥೆಯ ಮಾನ್ಯತೆ ಪಡೆದ ಓಟಗಳಿವೆ. ಅವುಗಳಿಗೆ ಸ್ಪರ್ಧಾ ಪರವಾನಗಿ ಬೇಕು, ಬೈಕಿನ ತಪಾಸಣೆ ಇರುತ್ತದೆ, ಆಂಬುಲೆನ್ಸ್ ಮತ್ತು ವೈದ್ಯರು ಇರುತ್ತಾರೆ. ಮಾನ್ಯತೆಯಿಲ್ಲದೆ, ಬ್ಯಾನರ್ ಕಟ್ಟಿ, ಹಗ್ಗ ಎಳೆದು, ಜನರನ್ನು ಟ್ರ್ಯಾಕಿನ ಅಂಚಿಗೇ ನಿಲ್ಲಿಸಿ ನಡೆಸುವ ಓಟಗಳೂ ಇವೆ. ಎರಡನೆಯದಕ್ಕೆ ಯಾವ ವರ್ಗದಲ್ಲೂ ಹೋಗಬಾರದು, ಬಹುಮಾನದ ಮೊತ್ತ ಎಷ್ಟೇ ಇರಲಿ. ತಾಯಿಯ ಹೆದರಿಕೆಯನ್ನು ಮೂಢ ಎನ್ನುವವರು ಇದನ್ನು ನೆನಪಿಡಬೇಕು: ಮಾನ್ಯತೆ ಪಡೆದ ಡಕಾರ್‌ನಲ್ಲೇ 2020ರಲ್ಲಿ ಪೋರ್ಚುಗಲ್ಲಿನ ಅನುಭವಿ ಸವಾರ ಪಾಲೊ ಗೊನ್ಸಾಲ್ವಿಸ್ ಪ್ರಾಣ ಬಿಟ್ಟರು. ಆಂಬುಲೆನ್ಸ್ ಇದ್ದರೂ ಸಾವು ಬರಬಹುದು. ಇಲ್ಲದಿದ್ದರೆ ಕೈ ಮುರಿದದ್ದೂ ದೊಡ್ಡದಾಗಬಹುದು.

ಅಭ್ಯಾಸದ ಜಾಗದ ಬಗ್ಗೆಯೂ ಹೇಳಲೇಬೇಕು. ನಮ್ಮ ಸುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. 1,400 ಚದರ ಕಿಲೋಮೀಟರಿಗೂ ಹೆಚ್ಚು. ಅದರೊಳಗಿನ ಬಂಡಿದಾರಿ ಎಷ್ಟೇ ಆಸೆ ಹುಟ್ಟಿಸಲಿ, ಅದು ಟ್ರ್ಯಾಕಲ್ಲ. ಅಲ್ಲಿ ಬೈಕ್ ನುಗ್ಗಿಸುವುದು ಅಪರಾಧ, ಮೇಲಾಗಿ ಆನೆಗೆ ನೀಲಿ ಬಾವುಟ ಗೊತ್ತಿಲ್ಲ. ದಿಂಬಂ ಘಾಟಿಯ 27 ತಿರುವುಗಳಲ್ಲಿ ಸಮಯ ಹಿಡಿದು ಓಡಿಸುವ ಹುಡುಗರಿದ್ದಾರೆ ಎಂದು ಕೇಳಿದ್ದೇನೆ. ಅದಕ್ಕೂ ಕ್ರೀಡೆಗೂ ಸಂಬಂಧವಿಲ್ಲ. ಎದುರಿಗೆ ಕಬ್ಬಿನ ಲಾರಿ ಬರುವ ರಸ್ತೆಯಲ್ಲಿ ವರ್ಗ ಒಂದೇ. 2022ರ ಫೆಬ್ರವರಿಯಿಂದ ಆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಸ್ವಂತ ಹೊಲದಲ್ಲಿ, ಕೊಯ್ಲಿನ ನಂತರ, ಯಾರಾದರೊಬ್ಬರು ನಿಂತು ನೋಡುತ್ತಿರುವಾಗ ಅಭ್ಯಾಸ ಮಾಡಲಿ. ಒಬ್ಬನೇ ಎಂದೂ ಬೇಡ.

ಆದ್ದರಿಂದ ಪಣಕಹಳ್ಳಿಯವರಿಗೆ ನನ್ನ ಉತ್ತರ: ಕಳುಹಿಸಿ. ಆದರೆ ಲೋಕಲ್‌ನಿಂದ ನಾವಿಸ್‌ಗೆ ಕಳುಹಿಸಿ, ಎಕ್ಸ್‌ಪರ್ಟ್‌ಗೆ ಈಗಲೇ ಬೇಡ. ಎರಡು ಮೆಟ್ಟಿಲು ಒಟ್ಟಿಗೆ ಹಾರಿದವರು ಹೆಚ್ಚಾಗಿ ಮೊದಲ ವರ್ಷವೇ ಬಿಟ್ಟುಬಿಡುತ್ತಾರೆ. ಮೊದಲ ಋತುವಿನಲ್ಲಿ ಸ್ಥಾನ ಕೇಳಬೇಡಿ. 'ಎಷ್ಟನೆಯವನಾದೆ?' ಎಂಬುದರ ಬದಲು 'ಕೊನೆಯ ಸುತ್ತಿಗೆ ಎಷ್ಟು ಸೆಕೆಂಡು?' ಎಂದು ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಸುತ್ತುಗಳ ಸಮಯವನ್ನೂ ಬರೆದಿಡಿ. ಮೊದಲ ಸುತ್ತಿಗೂ ಕೊನೆಯದಕ್ಕೂ ಇರುವ ಅಂತರ ಹದಿನೈದು ಸೆಕೆಂಡಿನಿಂದ ಐದಕ್ಕೆ ಇಳಿದ ದಿನ ಎಕ್ಸ್‌ಪರ್ಟ್ ವರ್ಗದ ಮಾತು ಎತ್ತಬಹುದು. ಗಾಯವಾದರೆ ವೈದ್ಯರು ಹೇಳಿದ ವಾರಗಳನ್ನು ಪೂರ್ತಿ ಮನೆಯಲ್ಲಿ ಕಳೆಯಬೇಕೆಂಬ ಷರತ್ತನ್ನು ಮೊದಲೇ ಹಾಕಿ. ತಾಯಿಯವರು ಒಂದು ಓಟಕ್ಕಾದರೂ ಹೋಗಿ ನೋಡಲಿ. ನೋಡಿದ ಮೇಲೂ ಬೇಡವೆಂದರೆ ಆ ಮಾತಿಗೂ ತೂಕವಿದೆ.

ಕಿರಿಯವನ ವಿಷಯ. ಅಣ್ಣನ ಬೈಕನ್ನು ಊರ ಹಾದಿಯಲ್ಲಿ ಓಡಿಸುತ್ತಿದ್ದಾನೆ, ಜೂನಿಯರ್ ವರ್ಗಕ್ಕೆ ಸೇರಿಸಬಹುದೇ ಎಂದು ಕೇಳಿದ್ದೀರಿ. ರಸ್ತೆಯ ಮಟ್ಟಿಗೆ ಕಾನೂನು ಸ್ಪಷ್ಟವಾಗಿದೆ. ಗೇರ್ ಬೈಕಿಗೆ 18 ವರ್ಷ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗದು. ಮುಚ್ಚಿದ ಟ್ರ್ಯಾಕಿನಲ್ಲಿ ಪೋಷಕರ ಒಪ್ಪಿಗೆಯೊಡನೆ ಮಕ್ಕಳ ವರ್ಗಗಳು ನಡೆಯುತ್ತವೆ, ಅದು ನಿಜ. ಆದರೆ 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಓಟವೊಂದು ಶುರುವಾದ ಕೂಡಲೇ ಬಿದ್ದು ತೀರಿಕೊಂಡ ಬೆಂಗಳೂರಿನ ಬಾಲಕನಿಗೆ 13 ವರ್ಷ. ಅದು ಡಾಂಬರಿನ ಓಟ, ಮಾನ್ಯತೆ ಪಡೆದದ್ದು, ಆ ಬಾಲಕ ಆ ವರ್ಷ ತನ್ನ ವರ್ಗದಲ್ಲಿ ಗೆಲ್ಲುತ್ತಲೇ ಇದ್ದವನು. ನಿಮ್ಮ ಕಿರಿಯವನದೂ ಸುಮಾರು ಅದೇ ವಯಸ್ಸು.

ಅವನ ಕೈಯಿಂದ ಬೈಕಿನ ಕೀಲಿಯನ್ನು ಇಂದೇ ತೆಗೆದುಕೊಳ್ಳಿ. ಅಣ್ಣನ ಓಟಕ್ಕೆ ಕರೆದುಕೊಂಡು ಹೋಗಿ, ಕೈಗೆ ಗಡಿಯಾರವನ್ನೂ ಆ ನೋಟ್‌ಬುಕ್ಕನ್ನೂ ಕೊಡಿ. ಸುತ್ತಿನ ಸಮಯ ಬರೆಯುವ ಕೆಲಸ ಅವನದಾಗಲಿ. ಹೊಲದ ಬದುವಿನ ಮೇಲೆ ಸೈಕಲ್ಲಿನಲ್ಲಿ ನಿಂತು ಓಡಿಸುವುದು, ಇಳಿಜಾರಿನಲ್ಲಿ ಸೊಂಟ ಹಿಂದಕ್ಕೆ ತರುವುದು, ತಿರುವಿನಲ್ಲಿ ಹೊರಗಿನ ಕಾಲಿಗೆ ಭಾರ ಕೊಡುವುದು, ಇವೆಲ್ಲ ಬೈಕಿಗೂ ಅವೇ. ಪ್ಲಸ್ ಒನ್‌ಗೆ ಬಂದಾಗ ಸರ್ಕಾರದ ಸೈಕಲ್ ಹೇಗೂ ಸಿಗುತ್ತದೆ. ಅಲ್ಲಿಯವರೆಗೆ ಅಣ್ಣನ ಹಳೆಯ ಸೈಕಲ್ಲಿಗೆ ಹೊಸ ಬ್ರೇಕ್ ಕಟ್ಟೆ ಹಾಕಿಸಿ ಕೊಡಿ.